ನಾಯಿಗೆ ಉಣ್ಣೆ ಹತ್ತಿದಾಗ: ಮೈಯಿಂದ ತೆಗೆಯುವ, ಮನೆಯಿಂದ ಓಡಿಸುವ, ಜ್ವರ ಗುರುತಿಸುವ ಬಗೆ

ನಾಯಿಯ ಮೈಮೇಲೆ ಕಾಣುವ ಉಣ್ಣೆಗಳು ಮನೆಯಲ್ಲಿರುವ ಒಟ್ಟು ಉಣ್ಣೆಗಳಲ್ಲಿ ಸ್ವಲ್ಪ ಭಾಗ ಮಾತ್ರ. ಉಳಿದವು ಗೋಡೆಯ ಬಿರುಕಿನಲ್ಲಿ, ನಾಯಿ ಮಲಗುವ ಹಾಸಿಗೆಯ ಹೊಲಿಗೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಇರುತ್ತವೆ. ದಿನಾ ಹತ್ತಾರು ಉಣ್ಣೆ ಕಿತ್ತರೂ ಮಾರನೆಯ ದಿನ ಮತ್ತೆ ಅಷ್ಟೇ ಕಾಣಿಸುವುದಕ್ಕೆ ಇದೇ ಕಾರಣ. ನಾಯಿಗೆ ಔಷಧಿ ಹಾಕಿ ಮನೆಯನ್ನು ಬಿಟ್ಟರೂ, ಮನೆಗೆ ಸಿಂಪಡಿಸಿ ನಾಯಿಯನ್ನು ಬಿಟ್ಟರೂ ಪ್ರಯೋಜನವಿಲ್ಲ. ಎರಡೂ ಒಟ್ಟಿಗೆ ನಡೆಯಬೇಕು, ತಿಂಗಳುಗಟ್ಟಲೆ ನಡೆಯಬೇಕು.

ಉಣ್ಣೆಯಲ್ಲಿ ಹಲವು ಜಾತಿಗಳಿವೆ. ಮನೆಯೊಳಗೆ ಬೀಡುಬಿಟ್ಟು ಕಾಡುವುದು ಹೆಚ್ಚಾಗಿ ಕಂದು ಬಣ್ಣದ ನಾಯಿ ಉಣ್ಣೆ, ಅಂದರೆ ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್. ಹೊಟ್ಟೆ ತುಂಬಿದ ಹೆಣ್ಣು ಬೂದು ಬಣ್ಣಕ್ಕೆ ತಿರುಗಿ, ಕಡಲೆಕಾಳಿನಂತೆ ಊದಿಕೊಂಡು, ತಾನಾಗಿಯೇ ಕಳಚಿ ಬೀಳುತ್ತದೆ. ಹತ್ತಿರದ ಯಾವುದೋ ಸಂದಿ ಸೇರಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ, ಕೆಲವು ದಿನ ರಕ್ತ ಹೀರಿ, ಇಳಿದು, ಪೊರೆ ಕಳಚಿ ಎಂಟು ಕಾಲಿನದಾಗುತ್ತದೆ. ಮತ್ತೆ ಹತ್ತಿ ಇಳಿದು ಪೊರೆ ಕಳಚಿದ ಮೇಲೆ ಬಲಿತ ಉಣ್ಣೆ. ಅದು ಮೂರನೆಯ ಸಲ ನಾಯಿಯನ್ನೇ ಹುಡುಕುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಈ ಇಡೀ ಸುತ್ತು ಸುಮಾರು ಎರಡು ತಿಂಗಳಲ್ಲಿ ಮುಗಿಯಬಹುದು. ಬಲಿತ ಉಣ್ಣೆ ಏನೂ ತಿನ್ನದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿರಬಲ್ಲದು. ತಿಂಗಳಾನುಗಟ್ಟಲೆ ಖಾಲಿಯಿದ್ದ ಮನೆಗೆ ನಾಯಿಯೊಡನೆ ಹೋದವರಿಗೆ ಮೊದಲ ವಾರದಲ್ಲೇ ಉಣ್ಣೆ ಕಾಣಿಸುವುದುಂಟು.

ದಿನಾ ಐದು ನಿಮಿಷ ಮೈ ತಡವಿ ನೋಡುವುದು

ಕಣ್ಣಿಗಿಂತ ಬೆರಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದಟ್ಟ ಕೂದಲಿನ ನಾಯಿಯಲ್ಲಂತೂ ಕೂದಲಿನ ಎದುರು ದಿಕ್ಕಿಗೆ ಬೆರಳಾಡಿಸುತ್ತಾ ಚರ್ಮದ ಮೇಲಿನ ಸಣ್ಣ ಗಂಟುಗಳನ್ನು ಹುಡುಕಬೇಕು. ಪ್ರತಿದಿನ ಒಂದೇ ಕ್ರಮದಲ್ಲಿ ಹೋದರೆ ಯಾವ ಜಾಗವೂ ತಪ್ಪುವುದಿಲ್ಲ. ಕಿವಿಯ ಒಳಭಾಗ ಮತ್ತು ಅಂಚು, ಕಣ್ಣಿನ ರೆಪ್ಪೆ, ತುಟಿಯ ಮಡಿಕೆ, ಕೊರಳ ಬೆಲ್ಟ್ ಬಿಚ್ಚಿ ಅದರ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಕೊನೆಗೆ ನಾಲ್ಕೂ ಪಾದಗಳಲ್ಲಿ ಒಂದೊಂದು ಬೆರಳ ನಡುವೆ. ಬೆರಳ ಸಂದಿ ಮತ್ತು ಕಿವಿಯ ಮಡಿಕೆ, ಈ ಎರಡು ಕಡೆ ಉಣ್ಣೆ ಹೆಚ್ಚು ಸಿಗುತ್ತವೆ. ಜನ ಬಿಟ್ಟುಬಿಡುವುದೂ ಇವನ್ನೇ.

ಹೊಟ್ಟೆಯ ಮೇಲೆ ಸಿಕ್ಕ ಗಂಟನ್ನೆಲ್ಲ ಕೀಳಲು ಹೋಗಬೇಡಿ. ಗಂಡು ನಾಯಿಗೂ ಮೊಲೆತೊಟ್ಟುಗಳಿವೆ, ಎರಡು ಸಾಲಿನಲ್ಲಿ ಹೆಚ್ಚು ಕಡಿಮೆ ಜೋಡಿಯಾಗಿ. ಅವನ್ನು ಉಣ್ಣೆಯೆಂದು ಎಳೆದು ಗಾಯ ಮಾಡಿದ ಪ್ರಕರಣಗಳು ಪಶುವೈದ್ಯರಿಗೆ ಹೊಸದಲ್ಲ. ನರೂಲಿಯೂ ಹೀಗೇ ಮೋಸ ಮಾಡುತ್ತದೆ. ಟಾರ್ಚ್ ಹಿಡಿದು ನೋಡಿ. ಚರ್ಮಕ್ಕೆ ತಾಗಿದ ಕಡೆ ಸಣ್ಣ ಕಾಲುಗಳು ಕಂಡರೆ ಮಾತ್ರ ಉಣ್ಣೆ.

ಪಾದ, ಕಿವಿ ಮುಟ್ಟಲು ಬಿಡದ ನಾಯಿಯನ್ನು ಇಬ್ಬರು ಮೂವರು ಅದುಮಿ ಹಿಡಿದು ನೋಡುವುದು ಇವತ್ತಿನ ಕೆಲಸವನ್ನೇನೋ ಮುಗಿಸುತ್ತದೆ, ನಾಳೆಯದನ್ನು ಕಷ್ಟ ಮಾಡುತ್ತದೆ. ಅದಕ್ಕೆ ಅಭ್ಯಾಸ ಮಾಡಿಸಬೇಕು. ನಾಯಿ ಓಡಾಡಿ ದಣಿದು ಮಲಗಿರುವ ಹೊತ್ತು ಆರಿಸಿಕೊಳ್ಳಿ. ಭುಜದ ಮೇಲೆ ಕೈಯಿಟ್ಟು, ಒಂದು ಸೆಕೆಂಡ್ ಪಾದದವರೆಗೆ ಸವರಿ, ಕೈ ತೆಗೆದ ತಕ್ಷಣ ಬೆರಳ ಉಗುರಿನಷ್ಟು ತಿಂಡಿ ಕೊಡಿ. ಮೊದಲು ಮುಟ್ಟುವುದು, ಆಮೇಲೆ ತಿಂಡಿ. ಈ ಕ್ರಮ ಹಿಂದುಮುಂದಾದರೆ ತಿಂಡಿ ಕಂಡಾಗಲೇ ನಾಯಿ ಪಾದ ಎಳೆದುಕೊಳ್ಳಲು ಕಲಿಯುತ್ತದೆ. ಐದಾರು ಸಲ ಮಾಡಿ ನಿಲ್ಲಿಸಿ. ಮುಂದಿನ ದಿನ ಪಾದ ಹಿಡಿಯುವುದು, ಅದರ ಮುಂದಿನ ದಿನ ಬೆರಳು ಬಿಡಿಸುವುದು. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ತಲೆ ತಿರುಗಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಮೈ ಮರಗಟ್ಟುವುದು, ಇವೆಲ್ಲ ‘ಸಾಕು’ ಎನ್ನುವ ಸೂಚನೆಗಳು. ಅಲ್ಲಿಗೆ ನಿಲ್ಲಿಸಿ ಹಿಂದಿನ ಹೆಜ್ಜೆಗೆ ಮರಳಿ. ಗುರುಗುಟ್ಟಿದ್ದಕ್ಕೆ ಗದರಬೇಡಿ. ಗದರಿಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಟ್ಟು ಮುಂದಿನ ಸಲ ನೇರವಾಗಿ ಕಚ್ಚುತ್ತದೆ.

ಉಣ್ಣೆ ತೆಗೆಯುವುದು

ಬೇಕಾದದ್ದು ಚೂಪು ತುದಿಯ ಚಿಮಟ ಅಥವಾ ಉಣ್ಣೆ ತೆಗೆಯಲೆಂದೇ ಸಿಗುವ ಪ್ಲಾಸ್ಟಿಕ್ ಕೊಕ್ಕೆ, ಕೈಗವಸು, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಒಂದಿಷ್ಟು ಸರ್ಜಿಕಲ್ ಸ್ಪಿರಿಟ್. ಹುಬ್ಬು ತೀಡುವ ಅಗಲ ತುದಿಯ ಚಿಮಟ ಬೇಡ, ಅದು ಉಣ್ಣೆಯ ಹೊಟ್ಟೆಯನ್ನು ಹಿಂಡುತ್ತದೆ.

ಕೂದಲು ಬಿಡಿಸಿ ಚರ್ಮಕ್ಕೆ ಆದಷ್ಟು ಹತ್ತಿರ, ಉಣ್ಣೆಯ ಬಾಯಿಯ ಭಾಗವನ್ನು ಹಿಡಿಯಿರಿ. ತಿರುಚದೆ, ಜಗ್ಗದೆ, ಒಂದೇ ಸಮನಾದ ಬಲದಿಂದ ನೇರ ಮೇಲಕ್ಕೆ ಎಳೆಯಿರಿ. ಕೆಲವು ಸೆಕೆಂಡುಗಳಲ್ಲಿ ಹಿಡಿತ ಸಡಿಲವಾಗುತ್ತದೆ. ಕೊಕ್ಕೆಯ ವಿಧಾನ ಬೇರೆ. ಅದರ ಸೀಳನ್ನು ಚರ್ಮದ ಮೇಲೆ ಜಾರಿಸಿ ಉಣ್ಣೆಯ ಕೆಳಗೆ ತೂರಿಸಿ, ಮೆಲ್ಲಗೆ ಸುತ್ತು ತಿರುಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ತೆಗೆದದ್ದನ್ನು ಸ್ಪಿರಿಟ್‌ಗೆ ಹಾಕಿ. ಉಗುರಿನಿಂದ ಹಿಸುಕುವುದು, ಕಾಲಿನಿಂದ ಹೊಸಕುವುದು ಬೇಡ, ಅದರೊಳಗಿನ ರೋಗಾಣು ಬೆರಳಿನ ಗಾಯದ ಮೂಲಕ ಮನುಷ್ಯರಿಗೂ ಸೇರಬಹುದು. ಬರೀ ನೀರಿಗೆ ಹಾಕಿದರೆ ಸಾಯುವುದಿಲ್ಲ.

ಕಚ್ಚಿದ ಜಾಗವನ್ನು ಸೋಪು ನೀರಿನಿಂದ ಅಥವಾ ತೆಳು ಮಾಡಿದ ಪೊವಿಡೋನ್ ಅಯೋಡಿನ್‌ನಿಂದ ಒರೆಸಿ. ಸಣ್ಣ ಗಂಟು ಕೆಲವು ದಿನ ಉಳಿಯುವುದು ಸಹಜ. ಬಾಯಿಯ ತುಣುಕು ಚರ್ಮದಲ್ಲಿ ಉಳಿದುಬಿಟ್ಟರೆ ಸೂಜಿಯಿಂದ ಅಗೆಯಬೇಡಿ, ಚರ್ಮವೇ ಅದನ್ನು ಹೊರಗೆ ತಳ್ಳುತ್ತದೆ. ಜಾಗ ಕೆಂಪಾಗಿ ಊದಿದರೆ, ಕೀವು ಬಂದರೆ ಆಗ ತೋರಿಸಬೇಕು.

ಎಣ್ಣೆ, ವ್ಯಾಸಲೀನ್, ಸೀಮೆಎಣ್ಣೆ, ಉರಿಯುವ ಕಡ್ಡಿ ಇವುಗಳಿಂದ ಉಣ್ಣೆಯನ್ನು ‘ಬಿಡಿಸುವ’ ಪದ್ಧತಿ ಕೈಬಿಡಬೇಕು. ಬಿಟ್ಟುಕೊಳ್ಳುವುದು ತಡವಾಗುತ್ತದೆ, ತೊಂದರೆಗೊಳಗಾದ ಉಣ್ಣೆ ಜೊಲ್ಲನ್ನು ಗಾಯದೊಳಕ್ಕೆ ಹೆಚ್ಚಾಗಿ ಬಿಡುವ ಅಪಾಯವೂ ಇದೆ. ರೋಗಾಣು ಇರುವುದು ಆ ಜೊಲ್ಲಿನಲ್ಲೇ.

ನಾಯಿಗೆ ಕೊಡುವ ಔಷಧಿ

ಈಗ ಹೆಚ್ಚು ಭರವಸೆ ಇಡಬಹುದಾದದ್ದು ಐಸಾಕ್ಸಜೋಲಿನ್ ಗುಂಪಿನ ಅಗಿಯುವ ಮಾತ್ರೆಗಳು. ಅಫಾಕ್ಸೊಲೇನರ್, ಸರೊಲೇನರ್, ಲೋಟಿಲೇನರ್ ತಿಂಗಳಿಗೊಂದು. ಫ್ಲುರಲೇನರ್ ಸಾಮಾನ್ಯವಾಗಿ 12 ವಾರಕ್ಕೊಂದು. ತೂಕಕ್ಕೆ ತಕ್ಕ ಮಾತ್ರೆಯನ್ನೇ ತರಬೇಕು, ಆದ್ದರಿಂದ ಮೊದಲು ನಾಯಿಯನ್ನು ತೂಗಿ. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಲೆಕ್ಕ ಸಿಗುತ್ತದೆ. ದೊಡ್ಡ ನಾಯಿಯ ಮಾತ್ರೆ ಮುರಿದು ಎರಡು ಸಣ್ಣ ನಾಯಿಗೆ ಹಂಚಿದರೆ ಎರಡು ತುಂಡಿನಲ್ಲೂ ಔಷಧಿ ಸಮನಾಗಿರುತ್ತದೆ ಎನ್ನಲಾಗದು. ಫ್ಲುರಲೇನರ್, ಲೋಟಿಲೇನರ್ ಊಟದ ಜೊತೆ ಕೊಟ್ಟರೆ ಮಾತ್ರ ಮೈಗೆ ಸರಿಯಾಗಿ ಸೇರುತ್ತವೆ.

ಒಂದು ವಿಷಯ ತಿಳಿದಿರಲಿ: ಈ ಮಾತ್ರೆಗಳು ಉಣ್ಣೆಯನ್ನು ದೂರ ಓಡಿಸುವುದಿಲ್ಲ. ಉಣ್ಣೆ ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುತ್ತದೆ, ಅದಕ್ಕೆ ಒಂದೆರಡು ದಿನ ಹಿಡಿಯಬಹುದು. ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಂಡಿತೆಂದು ಮಾತ್ರೆ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ. ಅವು ಊದಿಕೊಂಡಿವೆಯೇ, ಒಣಗಿ ಸತ್ತಿವೆಯೇ ನೋಡಿ. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ನಡುಕ, ತೂರಾಟ, ಫಿಟ್ಸ್ ಉಂಟಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಎಂಟು ವಾರ ತುಂಬದ ಮರಿಗಳಿಗೆ ಇವು ಬೇಡ. ಕೆಲವು ಮಾತ್ರೆಗಳಿಗೆ ವಯಸ್ಸಿನ ಮಿತಿ ಇನ್ನೂ ಹೆಚ್ಚಿರುತ್ತದೆ, ಚೀಟಿ ಓದಿ.

ಬೆನ್ನಿಗೆ ಹಾಕುವ ಫಿಪ್ರೊನಿಲ್‌ನಂಥ ಹನಿ ಔಷಧಿ ಸೋಲುವುದು ಹೆಚ್ಚಾಗಿ ಹಾಕುವ ರೀತಿಯಿಂದ. ಕೂದಲಿನ ಮೇಲೆ ಸುರಿದರೆ ವ್ಯರ್ಥ. ನಾಯಿಯ ನಾಲಿಗೆ ಎಟುಕದ ಕಡೆ, ಹೆಗಲ ನಡುವೆ, ಕೂದಲು ಬಿಡಿಸಿ ಚರ್ಮ ಕಂಡಮೇಲೆ ಹಾಕಬೇಕು. ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ನಂತರ ಸ್ನಾನ ಬೇಡ. ಔಷಧಿಯುಳ್ಳ ಕೊರಳಪಟ್ಟಿಯೂ ಚರ್ಮಕ್ಕೆ ತಾಗಿರಬೇಕು. ಕುತ್ತಿಗೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲ, ಅದಕ್ಕಿಂತ ಹೆಚ್ಚಲ್ಲ. ಉಳಿದ ತುದಿಯನ್ನು ಕತ್ತರಿಸಿಬಿಡಿ, ಇಲ್ಲದಿದ್ದರೆ ಅಗಿಯುತ್ತದೆ.

ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಎಂದು ಬರೆದಿರುವ ನಾಯಿ ಔಷಧಿಯನ್ನು ತರಲೇಬೇಡಿ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಕರಗಿಸಲಾರದು, ನಡುಕ ಹತ್ತಿ ಸಾಯಬಹುದು. ದನಕ್ಕೆಂದು ಮಾರುವ ಗಾಢ ದ್ರಾವಣವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಮೀಯಿಸುವುದು ವಿಷಪ್ರಾಶನಕ್ಕೆ ದಾರಿ. ಪರೋಪಜೀವಿಗಳಿಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ಕಾಲಿ (collie) ಜಾತಿಯ ನಾಯಿಗಳಲ್ಲಿ, ಅವುಗಳ ಮಿಶ್ರತಳಿಯಲ್ಲಿ ಮಿದುಳಿಗೆ ನುಗ್ಗಿ ಪ್ರಾಣಕ್ಕೇ ಅಪಾಯ ತರಬಹುದು. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಹೋಗುವುದಿಲ್ಲ, ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ.

ಮನೆಯಲ್ಲಿರುವ ಎಲ್ಲ ನಾಯಿಗಳಿಗೂ ಒಂದೇ ದಿನ ಔಷಧಿ ಆಗಬೇಕು. ಒಂದು ಉಳಿದರೂ ಉಣ್ಣೆಗೆ ಅದೇ ಸಾಕು.

ಮನೆ

ಉಣ್ಣೆ ಮೇಲಕ್ಕೆ ಹತ್ತುವ ಜೀವಿ. ನೆಲ ಒರೆಸಿ ಸುಮ್ಮನಾದರೆ ಸಿಗುವುದಿಲ್ಲ. ಗೋಡೆ ನೆಲ ಕೂಡುವ ಸಂದಿಯ ಜೊತೆಗೆ ಸೂರಿನ ಮೂಲೆ, ಪರದೆಯ ಮೇಲ್ಮಡಿಕೆ, ಗೋಡೆಯ ಚಿತ್ರದ ಹಿಂಭಾಗ, ಸೋಫಾದ ಅಡಿ, ನಾಯಿಗೂಡಿನ ಮಾಡು, ಸ್ವಿಚ್ ಬೋರ್ಡಿನ ಅಂಚು ಎಲ್ಲವನ್ನೂ ಟಾರ್ಚ್ ಬಿಟ್ಟು ನೋಡಿ. ವ್ಯಾಕ್ಯೂಮ್‌ನ ಕಿರಿದಾದ ಮೂತಿಯಿಂದ ಎಳೆದು, ಚೀಲವನ್ನು ಕೂಡಲೇ ಬಿಗಿಯಾಗಿ ಕಟ್ಟಿ ಮನೆಯಿಂದ ಹೊರಗೆ ಹಾಕಿ. ನಾಯಿಯ ಹಾಸನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಜೋರು ಬಿಸಿಯಲ್ಲಿ ಒಣಗಿಸಿ. ಉಣ್ಣೆ ನೀರನ್ನು ತಾಳಿಕೊಳ್ಳುತ್ತದೆ, ಒಣ ಬಿಸಿಯನ್ನು ತಾಳಲಾರದು. ಬಿರುಕುಗಳನ್ನು ಪುಟ್ಟಿ ಅಥವಾ ಸಿಲಿಕೋನ್‌ನಿಂದ ಮುಚ್ಚಿಸಿ. ಬಾಡಿಗೆ ಮನೆಯಾದರೂ ಈ ಖರ್ಚು ಮಾಡುವುದು ಒಳ್ಳೆಯದು.

ಗೋಡೆಯಲ್ಲಿ ಉಣ್ಣೆ ಹರಿದಾಡುವಷ್ಟಾಗಿದ್ದರೆ ಕೀಟನಾಶಕ ಸಿಂಪಡಿಸುವ ತಜ್ಞರನ್ನೇ ಕರೆಸಿ. ಸಿಂಪಡಿಸಿದ್ದು ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು, ಮಕ್ಕಳು ಹೊರಗಿರಬೇಕು. ಮೀನಿನ ತೊಟ್ಟಿ ಇದ್ದರೆ ಮುಚ್ಚಿ ಗಾಳಿ ಪಂಪು ನಿಲ್ಲಿಸಬೇಕು. ಮೊಟ್ಟೆಗೆ ಔಷಧಿ ತಾಗುವುದು ಕಡಿಮೆ. ಕೆಲವು ವಾರಗಳಲ್ಲಿ ಅವು ಒಡೆದು ಹೊಸ ಮರಿ ಬರುವುದರಿಂದ ಎರಡನೆಯ ಸುತ್ತು ಇಲ್ಲದೆ ಮುಗಿಯುವುದಿಲ್ಲ. ಮೊದಲ ಸುತ್ತಿಗೆ ಹಣ ಕೊಟ್ಟು ಎರಡನೆಯದನ್ನು ಬಿಟ್ಟವರು ಮೊದಲಿನ ಹಣವನ್ನೂ ಕಳೆದುಕೊಂಡಂತೆ.

ಜ್ವರದ ಗುರುತು

ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ನಾಯಿ ಮಂಕಾದರೆ, ಊಟ ಬಿಟ್ಟರೆ, ಥರ್ಮಾಮೀಟರ್ ತೆಗೆದುಕೊಳ್ಳಿ. ಮೂಗು ತಣ್ಣಗಿದೆಯೋ ಬಿಸಿಯಿದೆಯೋ ಎಂಬುದರಿಂದ ಏನೂ ತಿಳಿಯುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ತುದಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಎರಡು ಸೆಂಟಿಮೀಟರ್‌ನಷ್ಟು ಇಟ್ಟು, ಬೀಪ್ ಆಗುವವರೆಗೆ ಕಾಯಿರಿ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ವೈದ್ಯರ ಬಳಿ ಹೋಗಿ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ವಸಡನ್ನೂ ನೋಡಿ. ಆರೋಗ್ಯವಿದ್ದರೆ ಗುಲಾಬಿ ಬಣ್ಣ, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ವಸಡಿನ ಮೇಲೆ ಅಥವಾ ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆ, ಮೂಗಿನಿಂದ ರಕ್ತ ಬಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕುಸಿದಿರಬಹುದು. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಹೀಗಾಗುತ್ತದೆ. ವಸಡು ಬಿಳಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಉಣ್ಣೆಯಿಂದಲೇ ಹರಡುವ ಬೆಬೀಸಿಯಾ ಎಂಬ ಪರೋಪಜೀವಿ ಇರಬಹುದು, ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಇಂಥ ಗುರುತು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಎರಡೂ ಒಟ್ಟಿಗೆ ಇರುವುದುಂಟು, ಔಷಧಿ ಬೇರೆ ಬೇರೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸದೆ ಅಂಗಡಿಯಿಂದ ಮಾತ್ರೆ ತರುವುದು ಸರಿಯಲ್ಲ. ಸೋಂಕಿನ ಮೊದಲ ದಿನಗಳಲ್ಲಿ ಪ್ರತಿಕಾಯ ನೋಡುವ ಕಿಟ್ ನೆಗೆಟಿವ್ ತೋರಿಸಬಹುದು. ರಕ್ತಕಣಗಳ ಎಣಿಕೆಯನ್ನೂ ಕೇಳಿ ಮಾಡಿಸಿ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ, ಒಣ ಮಾತ್ರೆ ಗಂಟಲಲ್ಲಿ ನಿಂತರೆ ಅನ್ನನಾಳ ಸುಡುತ್ತದೆ. ಹಾಲು, ಮೊಸರಿನ ಜೊತೆ ಬೇಡ, ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಡುತ್ತದೆ. ಎರಡು ಮೂರು ದಿನದಲ್ಲೇ ನಾಯಿ ಲವಲವಿಕೆಯಿಂದ ಓಡಾಡತೊಡಗುತ್ತದೆ, ಬಹಳ ಮಂದಿ ಮಾತ್ರೆ ನಿಲ್ಲಿಸುವುದೂ ಆಗಲೇ. ಹಾಗೆ ನಿಲ್ಲಿಸಿದರೆ ರೋಗಾಣು ಮೈಯಲ್ಲಿ ಅಡಗಿ ಉಳಿದು, ತಿಂಗಳುಗಳ ಅಥವಾ ವರ್ಷಗಳ ನಂತರ ಅಸ್ಥಿಮಜ್ಜೆಯನ್ನೇ ಕೆಡಿಸಬಹುದು. ಆ ಹಂತದಲ್ಲಿ ಚಿಕಿತ್ಸೆ ಫಲಿಸುವುದು ಕಷ್ಟ. ಮಾತ್ರೆ ಮುಗಿದ ಮೇಲೆ ಪ್ಲೇಟ್‌ಲೆಟ್ ಎಣಿಕೆಯನ್ನು ಮತ್ತೊಮ್ಮೆ ಮಾಡಿಸಿ. ಒಮ್ಮೆ ವಾಸಿಯಾದ ನಾಯಿಗೆ ಇದೇ ಜ್ವರ ಮತ್ತೆ ಬರಬಲ್ಲದು, ಇದಕ್ಕೆ ಲಸಿಕೆಯಿಲ್ಲ. ಆದ್ದರಿಂದ ಉಣ್ಣೆ ಮಾತ್ರೆಯ ಮುಂದಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮನೆಯಲ್ಲಿ ಕೊನೆಯ ಉಣ್ಣೆ ಕಂಡ ಮೇಲೂ ಕನಿಷ್ಠ ಒಂದು ವರ್ಷ ತಪ್ಪದೆ ಕೊಡಿ, ಬೆಚ್ಚನೆಯ ಊರಾದರೆ ಎಂದೂ ನಿಲ್ಲಿಸಬೇಡಿ.