ಪರದೇಶಕ್ಕೆ ಅಧ್ಯಯನ ಪ್ರವಾಸ: ಮನೆಯಿಂದ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ

ಸಕಲೇಶಪುರದ ಹತ್ತಿರ ನಮಗೆ ನಾಲ್ಕು ಎಕರೆ ರೊಬಸ್ಟಾ ಜಾತಿಯ ಕಾಫಿ ತೋಟ ಇದೆ. ಹೋದ ಜನವರಿಯ ಮೊದಲ ವಾರ ನಾವು ಹದಿನಾಲ್ಕು ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು ಹಾಸನದಿಂದ ಹೊರಟು ವಿಯೆಟ್ನಾಂನಲ್ಲಿ ಎಂಟು ದಿನ ಇದ್ದು ಬಂದೆವು. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಅದರಲ್ಲೂ ಬಹುಪಾಲು ರೊಬಸ್ಟಾ. ಈಗ ಜೂನಿಯರ್‌ಗಳು ಫೋನ್ ಮಾಡಿ, 'ಅಕ್ಕಾ, ಏನೇನು ತಗೊಂಡು ಹೋಗಬೇಕು?' ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮೊದಲು ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆಯವರಿಗೆ ತೊಂದರೆ ಶುರುವಾಗುವುದೇ ಇಲ್ಲಿ. ನಮ್ಮ ಹೆಸರಿನ ಜೊತೆ ಇರುವುದು ಇನಿಶಿಯಲ್. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ನನ್ನ ಅಂಕಪಟ್ಟಿಯಲ್ಲಿ ಎರಡು ಇನಿಶಿಯಲ್ ಇತ್ತು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿತ್ತು. ಅದನ್ನು ಸರಿಮಾಡಿಸುವುದರಲ್ಲೇ ಒಂದೂವರೆ ತಿಂಗಳು ಹೋಯಿತು. ಗುಂಪಿನಲ್ಲಿ ಒಬ್ಬರ ಪಾಸ್‌ಪೋರ್ಟ್ ತಡವಾದರೆ ಎಲ್ಲರ ಟಿಕೆಟ್ ನಿಲ್ಲುತ್ತದೆ. ಹಾಗಾಗಿ ಪ್ರವಾಸದ ಸುದ್ದಿ ಕಿವಿಗೆ ಬಿದ್ದ ದಿನವೇ ಈ ಕೆಲಸ ಶುರು ಮಾಡಿ.

ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ. 36 ಪುಟದ ಮಾಮೂಲಿ ಪಾಸ್‌ಪೋರ್ಟ್‌ಗೆ ನಾನು ಕಟ್ಟಿದ್ದು 1,500 ರೂಪಾಯಿ. ಪೊಲೀಸ್ ಪರಿಶೀಲನೆಗೆ ಬಂದಾಗ ನೀವು ಹಾಸ್ಟೆಲಿನಲ್ಲಿದ್ದರೆ ಮತ್ತೆ ತಡ. ಅರ್ಜಿಯಲ್ಲಿ ಯಾವ ವಿಳಾಸ ಕೊಡುತ್ತೀರಿ ಎಂದು ಮೊದಲೇ ಯೋಚನೆ ಮಾಡಿ.

ವೀಸಾ ಸುಲಭ. ವಿಯೆಟ್ನಾಂನ ಇ-ವೀಸಾಕ್ಕೆ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಒಂದು ಅಕ್ಷರವೂ ಆಚೆ ಈಚೆ ಆಗಬಾರದು. ತಾರೀಖು ಗೊತ್ತು ಮಾಡುವಾಗ ಅವರ ಹೊಸವರ್ಷ 'ತೆತ್' ಯಾವಾಗ ಅಂತ ನೋಡಿ. ಜನವರಿ ಕೊನೆಯಿಂದ ಫೆಬ್ರುವರಿ ನಡುವೆ ಬರುತ್ತದೆ. ನಮ್ಮ ದೀಪಾವಳಿಯ ಹಾಗೆ ಎಲ್ಲರೂ ಊರಿಗೆ ಹೋಗಿರುತ್ತಾರೆ, ತೋಟ ತೋರಿಸುವವರು ಸಿಗುವುದಿಲ್ಲ.

ಪ್ರಶ್ನೆ ಮನೆಯದ್ದೇ ಆಗಿರಲಿ

ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಮುಖ್ಯವಾದ್ದು ಇದೇ. ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿ ಮೂವತ್ತು ಪ್ರಶ್ನೆ ಇದ್ದವು. ಅಲ್ಲಿ ಹೋದ ಮೇಲೆ ಅದನ್ನು ಯಾರೂ ತೆಗೆದು ನೋಡಲಿಲ್ಲ. ನನ್ನನ್ನು ಕಾಪಾಡಿದ್ದು ಹೊರಡುವ ಹಿಂದಿನ ರಾತ್ರಿ ಅಪ್ಪ ಕೇಳಿದ ಒಂದು ಮಾತು. 'ಹೂಮಳೆ ಬಾರದ ವರ್ಷ ನಾವು ಸ್ಪ್ರಿಂಕ್ಲರ್ ಹಿಡಿದುಕೊಂಡು ಒದ್ದಾಡುತ್ತೀವಲ್ಲ, ಅವರು ನೀರು ಹೇಗೆ ಕೊಡ್ತಾರೆ ನೋಡ್ಕೊಂಡು ಬಾ' ಅಂದರು. ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ.

ಆ ಒಂದು ಪ್ರಶ್ನೆ ಇದ್ದದ್ದಕ್ಕೆ ನನ್ನ ಕಣ್ಣು ಸುಮ್ಮನೆ ಅಲೆಯಲಿಲ್ಲ. ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್ ಸುತ್ತ ಬಹಳ ತೋಟಗಳಲ್ಲಿ ನಮ್ಮ ಹಾಗೆ ದಟ್ಟ ಮರದ ನೆರಳಿಲ್ಲ. ಬಿಸಿಲಿಗೇ ಗಿಡ. ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರದ ಬದಲು ನೆಟ್ಟ ಕಂಬಕ್ಕೆ ಹಬ್ಬಿರುತ್ತದೆ. ಎಷ್ಟೋ ಕಡೆ ಕಾಫಿ ನಡುವೆ ಡುರಿಯನ್ ಹಣ್ಣಿನ ಮರ. ಒಂದೊಂದು ಕಾಫಿ ಗಿಡದ ಸುತ್ತಲೂ ಅಗಲವಾದ ಪಾತಿ. ಕುಯ್ಲು ಮುಗಿದ ತೋಟದಲ್ಲಿ ಡೀಸೆಲ್ ಪಂಪು ಹಚ್ಚಿ, ದಪ್ಪ ಪೈಪನ್ನು ಗಿಡದಿಂದ ಗಿಡಕ್ಕೆ ಎಳೆದುಕೊಂಡು ಪಾತಿ ತುಂಬಿಸುತ್ತಿದ್ದರು. ಒಂದು ಗಿಡಕ್ಕೆ ಒಂದು ಸಲಕ್ಕೆ 400 ಲೀಟರ್ ಸುತ್ತಮುತ್ತ ಅಂದರು. ಬೇಸಿಗೆಯಲ್ಲಿ ಹೀಗೆ ಎರಡು ಮೂರು ಸಲ. ನಾನು ಪಾತಿಯ ಅಗಲ, ಪೈಪಿನ ದಪ್ಪ, ಆಳಿನ ಲೆಕ್ಕ ಎಲ್ಲ ಬರೆದುಕೊಂಡೆ. ಪಕ್ಕದಲ್ಲಿದ್ದ ಗೆಳತಿ ಮಾವನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬಗ್ಗೆ ಪ್ರಶ್ನೆ ತಂದಿದ್ದಳು. ಅವಳ ಪುಸ್ತಕದಲ್ಲಿ ನೀರಿನ ಸುದ್ದಿಯೇ ಇಲ್ಲ! ರಾತ್ರಿ ಇಬ್ಬರೂ ಪುಸ್ತಕ ಬದಲಾಯಿಸಿಕೊಂಡು ಓದಿದೆವು. ಗುಂಪಿನಲ್ಲಿ ಹೋಗುವುದರ ಲಾಭ ಇದೇ ಅಲ್ವಾ?

ಅಳತೆ ಬದಲಾಯಿಸುವುದನ್ನು ಹೊರಡುವ ಮುಂಚೆ ಕಲಿಯಿರಿ

ಅಲ್ಲಿಯ ರೈತರು ಜಾಗವನ್ನು ಹೆಕ್ಟೇರಿನಲ್ಲಿ ಹೇಳುತ್ತಾರೆ, ಇಲ್ಲವೇ 'ಸಾಓ' ಎನ್ನುತ್ತಾರೆ. ಆ ಸೀಮೆಯಲ್ಲಿ ಒಂದು ಸಾಓ ಅಂದರೆ 1,000 ಚದರ ಮೀಟರ್. ನಮ್ಮ ಒಂದು ಎಕರೆಗೆ ಸುಮಾರು ನಾಲ್ಕು ಸಾಓ. ಇದಿಷ್ಟನ್ನು ನಾವು ಕಲಿತುಕೊಂಡೇ ಹೋಗಿದ್ದೆವು. ಆದರೂ ಎಡವಿದೆವು.

ಎಡೆ ಬುಡಕಟ್ಟಿನ ಒಬ್ಬ ಅಮ್ಮನ ತೋಟದಲ್ಲಿ ಹೆಕ್ಟೇರಿಗೆ ಮೂರು ಟನ್ ಬಂದಿತ್ತು. ರಾತ್ರಿ ಕೂತು ಲೆಕ್ಕ ಹಾಕಿದೆವು. ಎಕರೆಗೆ 1,200 ಕೆ.ಜಿ. ಮೇಲಾಯಿತು. 50 ಕೆ.ಜಿ.ಯಿಂದ ಭಾಗಿಸಿದರೆ 24 ಮೂಟೆ. 'ನಮ್ಮ ತೋಟದಲ್ಲೂ ಒಳ್ಳೇ ವರ್ಷ ಅಷ್ಟು ಬರುತ್ತೆ' ಅಂದ ಮೂಡಿಗೆರೆಯ ಹುಡುಗ. ಎಲ್ಲರಿಗೂ ಸಮಾಧಾನವಾಯಿತು. ಆಗ ಮೇಷ್ಟ್ರು ಕೇಳಿದರು: 'ಅವರು ಹೇಳಿದ್ದು ಸಿಪ್ಪೆ ಸಮೇತವೋ, ಸಿಪ್ಪೆ ತೆಗೆದ ಬೇಳೆಯೋ?'

ನಾವು ಕೇಳಿರಲಿಲ್ಲ. ಮಾರನೇ ದಿನ ಕೇಳಿದರೆ, ಬೇಳೆ! ನಾವು ಮೂಟೆ ಅನ್ನುವುದು ಸಿಪ್ಪೆ ಇರುವ ಒಣ ಹಣ್ಣಿಗೆ, ಅಂದರೆ ಚೆರ್ರಿಗೆ. 50 ಕೆ.ಜಿ. ಮೂಟೆಯಿಂದ ಸಿಗುವ ಬೇಳೆ (ನಾವು ಓಟಿ ಅನ್ನುವುದು) 26 ಕೆ.ಜಿ. ಅಂತ ಹಿಡಿದರೆ, ಅವರದ್ದು ಎಕರೆಗೆ 46 ಮೂಟೆ ದಾಟುತ್ತದೆ. ನಮ್ಮ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಂದ ಪ್ರಶ್ನೆಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಗೊಬ್ಬರ ಎಷ್ಟು, ಅಂತರ್ಜಲ ಎಷ್ಟು ಕೆಳಗೆ ಹೋಗಿದೆ, ನೆರಳು ಕಡಿದರೆ ಮಣ್ಣಿಗೆ ಏನಾಗುತ್ತದೆ. ನಮ್ಮ ಮರಗಳನ್ನು ಕಡಿಯಬೇಕು ಅಂತ ನನಗೆ ಅನ್ನಿಸಲಿಲ್ಲ. ಆದರೆ ತಪ್ಪು ಲೆಕ್ಕ ಇಟ್ಟುಕೊಂಡು ಬಂದಿದ್ದರೆ ಈ ಪ್ರಶ್ನೆಗಳೇ ಹುಟ್ಟುತ್ತಿರಲಿಲ್ಲ. ಸಂಖ್ಯೆ ಬರೆಯುವಾಗ ಪಕ್ಕದಲ್ಲೇ ಬರೆಯಿರಿ: ಯಾವುದರ ತೂಕ, ಎಷ್ಟು ಜಾಗದ್ದು, ಯಾವ ವರ್ಷದ್ದು.

ದುಭಾಷಿ ಮೂಲಕ ಮಾತಾಡುವಾಗ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಹದಿನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರೆ ದುಭಾಷಿ ಉತ್ತರವನ್ನು ಎರಡೇ ಪದಕ್ಕೆ ಮುಗಿಸಿಬಿಡುತ್ತಾರೆ. ಕಾಗದದಲ್ಲಿ ಇಲ್ಲದ ಪ್ರಶ್ನೆಗೂ ಜಾಗ ಇಟ್ಟುಕೊಳ್ಳಿ. ತೋಟ ಯಾರ ಹೆಸರಿನಲ್ಲಿದೆ ಅಂತ ನಾನು ಸುಮ್ನೆ ಕೇಳಿದೆ. ಅಮ್ಮನಿಂದ ಬಂದದ್ದು, ಮಗಳಿಗೆ ಹೋಗುತ್ತದೆ ಅಂದರು. ಎಡೆ ಜನರಲ್ಲಿ ಮನೆತನ ಹೆಣ್ಣಿನ ಕಡೆಯಿಂದ ಸಾಗುತ್ತದೆ. ಘಟ್ಟದ ಕೆಳಗಿನ ಅಳಿಯಸಂತಾನದ ಬಗ್ಗೆ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಆ ಅಮ್ಮನಿಗೆ ಅದನ್ನು ಹೇಳಿದಾಗ ನನ್ನ ಕೈ ಹಿಡಿದು ಉದ್ದನೆಯ ಮರದ ಮನೆಯೊಳಗೆ ಕರೆದುಕೊಂಡು ಹೋದರು.

ದುಡ್ಡು, ಊಟ, ಚೀಲ

ವಿಯೆಟ್ನಾಂನ ಹಣದ ಹೆಸರು ಡಾಂಗ್, ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000 ಮತ್ತು 500,000 ಡಾಂಗ್ ನೋಟುಗಳೆರಡೂ ನೀಲಿ ಬಣ್ಣದವು. ಒಂದು ಸುಮಾರು 67 ರೂಪಾಯಿ, ಇನ್ನೊಂದು 1,600ರ ಮೇಲೆ. ಸಂಜೆ ಬೆಳಕಲ್ಲಿ ಕಬ್ಬಿನಹಾಲಿಗೆ ನಾನು ದೊಡ್ಡ ನೋಟು ಕೊಟ್ಟು ನಡೆದೆ. ಅಂಗಡಿಯ ಅಜ್ಜಿ ಕೂಗುತ್ತಾ ಹಿಂದೆ ಬಂದು ವಾಪಸ್ ಕೊಟ್ಟರು. ಎರಡು ನೋಟನ್ನೂ ಬೇರೆ ಬೇರೆ ಕಡೆ ಇಡಿ.

ಸಸ್ಯಾಹಾರಿಗಳು 'ಆನ್ ಚಾಯ್' ಅನ್ನುವ ಮಾತು ಕಲಿಯಿರಿ. ಅಲ್ಲಿ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿವೆ. ಬೇರೆ ಕಡೆ ಬರೀ 'ಮಾಂಸ ಬೇಡ' ಅಂದರೆ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರ ಬಿದ್ದಿರುತ್ತದೆ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಚಟ್ನಿಪುಡಿ ದೊಡ್ಡ ಬ್ಯಾಗಿಗೆ ಹಾಕಿ.

ಬೀಜ ತರಬೇಡಿ, ಬೂಟು ತೊಳೆಯಿರಿ

ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಒಳ್ಳೇ ತಳಿ ಕಂಡರೆ ತೋಟದ ಮಕ್ಕಳಿಗೆ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳುವ ಆಸೆ ಆಗುತ್ತದೆ. ಬೇಡ. ಬೀಜ, ಸಸಿ, ಮಣ್ಣು ಹೀಗೆ ತರುವುದು ಕಾನೂನಿಗೆ ವಿರುದ್ಧ. ಕಾಫಿ ಹಣ್ಣು ಕೊರೆದು ಹಾಳು ಮಾಡುವ ಕಾಯಿಕೊರಕ ನಮ್ಮ ದೇಶದ ಹುಳು ಅಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡಿತು, ಅಲ್ಲಿಂದ ನಮ್ಮ ತೋಟಗಳವರೆಗೂ ಬಂತು. ಅದಕ್ಕೆ ನಾವು ಇವತ್ತಿಗೂ ದುಡ್ಡು ಸುರಿಯುತ್ತಿದ್ದೇವೆ. ಕೊನೆಯ ತೋಟ ನೋಡಿದ ದಿನ ಹೋಟೆಲಿನ ಹಿತ್ತಲಲ್ಲಿ ಎಲ್ಲರೂ ಬೂಟು ಉಜ್ಜಿ ತೊಳೆದೆವು. ಹುರಿದು ಪುಡಿ ಮಾಡಿದ ಕಾಫಿ ಪೊಟ್ಟಣ ತನ್ನಿ, ಸಾಕು.

ಬಂದ ವಾರದೊಳಗೆ ಮನೆಯವರಿಗೆ ಹೇಳಿ

ಕಾಲೇಜಿನ ವರದಿ ಆಮೇಲೆ ಬರೆಯಬಹುದು. ನಾನು ಬಂದ ಮೂರನೇ ದಿನ ಕಣದಲ್ಲಿ ಕೂತು ಅಪ್ಪನಿಗೆ ಪುಸ್ತಕ ಓದಿ ಹೇಳಿದೆ. ಪಾತಿಯ ಅಗಲ ಕೇಳಿದರು, 46 ಮೂಟೆಯ ಲೆಕ್ಕ ಎರಡು ಸಲ ಹಾಕಿಸಿದರು. ಆಮೇಲೆ, 'ಇಳಿಜಾರಿನಲ್ಲಿ ಪಾತಿ ಹೇಗೆ ನಿಲ್ಲುತ್ತೆ?' ಅಂದರು. ನಾವು ನೋಡಿದ್ದು ಸಮತಟ್ಟು ತೋಟ, ನಮ್ಮದು ಪೂರ್ತಿ ಇಳಿಜಾರು. ದುಭಾಷಿಗೆ ಫೋನಿನಲ್ಲಿ ಪ್ರಶ್ನೆ ಕಳಿಸಿದೆ. ಎರಡು ದಿನ ಬಿಟ್ಟು ಒಂದು ವಿಡಿಯೊ ಬಂತು. ಆ ಎಡೆ ಅಮ್ಮ ತಮ್ಮ ತಂಗಿಯ ದಿಣ್ಣೆ ತೋಟಕ್ಕೆ ಹೋಗಿ, ಗಿಡದ ಕೆಳಬದಿಯಲ್ಲಿ ಮಣ್ಣು ಏರಿಸಿ ಕಟ್ಟಿದ ಅರ್ಧಚಂದ್ರದಂಥ ಪಾತಿಯನ್ನು ಗುದ್ದಲಿಯಿಂದ ತೋರಿಸುತ್ತಿದ್ದರು. ಅಪ್ಪ ಮೊನ್ನೆ ಬಾವಿ ಪಕ್ಕದ ಹತ್ತು ಗಿಡಕ್ಕೆ ಹಾಗೇ ಕಟ್ಟಿದ್ದಾರೆ.