ತಳ ಕಟ್ಟದ ಹಾಗೆ ನೀರಿಗೆ ಗ್ರಾಫೀನ್ ಆಕ್ಸೈಡ್ ಬೆರೆಸುವುದು ಹೇಗೆ

ಯಂತ್ರಗಳಲ್ಲಿ ಎಣ್ಣೆಯ ಬದಲು ನೀರು ಬಳಸಿದರೆ ಅದು ಲೋಹವನ್ನು ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಎಣ್ಣೆಯ ಹಾಗೆ ಸವೆತ ತಡೆಯುವುದಿಲ್ಲ. ತೀರಾ ತೆಳು ಅಲ್ವಾ! 40 ಡಿಗ್ರಿಯಲ್ಲಿ ವಿಜಿ 68 (ಮಂದತೆಯ ದರ್ಜೆ) ಹೈಡ್ರಾಲಿಕ್ ಎಣ್ಣೆ ನೀರಿಗಿಂತ ಸುಮಾರು 100 ಪಟ್ಟು ಮಂದ. ಭಾರ ಬಿದ್ದ ಕೂಡಲೇ ನೀರು ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಆ ಸಂದಿಯಲ್ಲಿ ತೆಳು ಪದರವಾಗಿ ಕೂರಲಿ ಅಂತಲೇ ಇಂಗಾಲದ ನ್ಯಾನೊ ಕಣ ಹಾಕುವುದು.

ಹೊಸಬರು ಗ್ರಾಫೀನ್ ಆಕ್ಸೈಡ್‌ನಿಂದ ಶುರು ಮಾಡಿ. ಬರೀ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ನೀರಿನಲ್ಲಿ ಗುಪ್ಪೆಯಾಗುತ್ತದೆ. ಆಕ್ಸೈಡ್‌ನ ಹಾಳೆಗಳ ಮೇಲೆ ಆಮ್ಲಜನಕದ ಗುಂಪುಗಳಿರುತ್ತವೆ, ಅವುಗಳಿಂದ ನೀರಿನಲ್ಲಿ ಋಣ ಚಾರ್ಜ್ ಬಂದು ಹಾಳೆಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ.

100 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 50 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್ ಪುಡಿ ಸಾಕು. ಜಾಸ್ತಿ ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿ, ಕೆಲವೊಮ್ಮೆ ಸವೆತವೇ ಹೆಚ್ಚುತ್ತದೆ. ಪುಡಿ ತೂಗುವಾಗ ಮಾಸ್ಕ್, ಗ್ಲೌಸ್ ಬೇಕೇ ಬೇಕು, ಫ್ಯಾನ್ ಆಫ್ ಇರಲಿ. ಮೊದಲು ಸ್ವಲ್ಪವೇ ನೀರಲ್ಲಿ ಪುಡಿ ನೆನೆಸಿ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ, ಶಬ್ದದ ಅಲೆಗಳಿಂದ ಕಣಗಳನ್ನು ಬಿಡಿಸುವ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಅರ್ಧ ಗಂಟೆ ಇಡಿ. ಬಾತ್ ಬಿಸಿಯಾಗುತ್ತದೆ, ಹಾಗಾಗಿ ಬಾಟಲಿಯ ಸುತ್ತಲಿನ ಬಾತ್ ನೀರಿಗೆ ಆಗಾಗ ಐಸ್ ಹಾಕಿ. ಗಂಟೆಗಟ್ಟಲೆ ಓಡಿಸಬೇಡಿ, ಹಾಳೆಗಳು ಹರಿದು ಚೂರಾಗುತ್ತವೆ.

ನಾನು ಒಮ್ಮೆ ಅವಸರದಲ್ಲಿ ಬೋರ್‌ವೆಲ್ ನೀರಲ್ಲೇ ಮಾಡಿಬಿಟ್ಟೆ. ರಾತ್ರಿ ನೋಡಿದಾಗ ಚೆನ್ನಾಗೇ ಇತ್ತು, ಬೆಳಗ್ಗೆ ಬಾಟಲಿಯ ಮೇಲರ್ಧ ತಿಳಿನೀರು, ತಳದಲ್ಲಿ ಕಾಫಿ ಚರಟದಂಥ ಕಪ್ಪು ಗಸಿ. ಗಡುಸು ನೀರಿನ ಕ್ಯಾಲ್ಸಿಯಂ ಆ ಋಣ ಚಾರ್ಜನ್ನು ಅಡಗಿಸಿ ಹಾಳೆಗಳನ್ನು ಒಟ್ಟುಗೂಡಿಸುತ್ತದೆ, ಆಮ್ಲ ಬಿದ್ದರೂ ಕಥೆ ಹೆಚ್ಚುಕಡಿಮೆ ಅದೇ. ಹಾಗಾಗಿ ಯಾವ ಟೆಸ್ಟ್‌ಗೂ ಮೊದಲು 24 ಗಂಟೆ ಅಲುಗಾಡಿಸದೆ ಬಿಟ್ಟು, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಮೇಲಿಂದ ಕೆಳಗಿನವರೆಗೂ ಒಂದೇ ಕಂದು ಬಣ್ಣ, ಡಿಕಾಕ್ಷನ್ ಹಾಗೆ, ಇದ್ದರೆ ಮಾತ್ರ ಮುಂದುವರಿಯಿರಿ.

ಉಕ್ಕಿನ ಮೇಲೆ ಬಳಸುವುದಾದರೆ ತುಕ್ಕಿನ ಯೋಚನೆಯೂ ಬೇಕು. ಈ 100 ಎಂಎಲ್‌ಗೆ ಒಂದು ಗ್ರಾಂ, ತುಕ್ಕು ತಡೆಯುವ ಕ್ಷಾರೀಯ ರಾಸಾಯನಿಕವಾದ ಟ್ರೈಎಥನಾಲ್ಅಮೀನ್ ಸೇರಿಸಿ, ಪಿಎಚ್ ಕಾಗದ 10ರ ಆಸುಪಾಸು ತೋರಿಸುತ್ತದೆ. ಸೇರಿಸಿದ ಮೇಲೆ ಮತ್ತೆ ಒಂದು ದಿನ ಕಾಯಿರಿ, ಏನೇ ಹೊಸದು ಹಾಕಿದರೂ ಗಸಿ ಇಳಿಯಬಹುದು.

ಟೆಸ್ಟ್ ಮಾಡುವಾಗ ಮೂರು ಬಾಟಲಿ ಇರಲಿ: ಬರೀ ನೀರು, ಟ್ರೈಎಥನಾಲ್ಅಮೀನ್ ಹಾಕಿದ ನೀರು, ಅದರ ಜೊತೆ ಗ್ರಾಫೀನ್ ಆಕ್ಸೈಡೂ ಹಾಕಿದ್ದು. ಎರಡನೆಯದನ್ನು ಬಿಟ್ಟರೆ ಘರ್ಷಣೆ ಇಳಿದದ್ದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಫೋರ್ ಬಾಲ್ ಟೆಸ್ಟರ್ (ಮೂರು ಉಕ್ಕಿನ ಗುಂಡುಗಳ ಮೇಲೆ ನಾಲ್ಕನೆಯದನ್ನು ಒತ್ತಿ ತಿರುಗಿಸುವ ಯಂತ್ರ) ಸಿಕ್ಕರೆ ಗುಂಡುಗಳ ಮೇಲಿನ ಸವೆತದ ಕಲೆಯ ಅಗಲವನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯಿರಿ, ಪ್ರತಿ ಬಾಟಲಿಗೂ ಹೊಸ ಗುಂಡು ಹಾಕಿ ಕನಿಷ್ಠ ಮೂರು ಸಲ. ಉಳಿದ ದ್ರವ ಸಿಂಕಿಗೆ ಬೇಡ, ಲ್ಯಾಬಿನ ರಾಸಾಯನಿಕ ತ್ಯಾಜ್ಯದ ಡಬ್ಬಕ್ಕೆ ಹಾಕಿ.