ಕ್ರೈಸ್ತ ದೃಷ್ಟಿಯನ್ನು ಸ್ವಂತದ್ದಾಗಿಸಿಕೊಳ್ಳುವ ಬಗೆ

ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಭಾನುವಾರದ ಆರಾಧನೆ ತಪ್ಪಿಸದೆ ಬೆಳೆದ ಮಾತ್ರಕ್ಕೆ ಹಣ, ದುಡಿಮೆ, ಮದುವೆ, ಸಾವು ಇವುಗಳ ಕುರಿತು ಕ್ರೈಸ್ತ ನಿಲುವು ತಾನಾಗಿ ಬಂದುಬಿಡುವುದಿಲ್ಲ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ ಒಂದು ಲೆಕ್ಕ, ಕಚೇರಿಯಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಂಡವರೇ ಹೆಚ್ಚು. ಆದ್ದರಿಂದ ಮೊದಲು, ನಾವು ಯಾವುದಕ್ಕೆ ಹೆದರುತ್ತೇವೆ, ಯಾವುದಕ್ಕಾಗಿ ಹಣ ಮತ್ತು ನಿದ್ದೆಯನ್ನು ಕಳೆಯುತ್ತೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ನಿಜವಾದ ನಂಬಿಕೆ ಅಲ್ಲಿ ಕಾಣುತ್ತದೆ.

ಬಳಿಕ ಸತ್ಯವೇದವನ್ನು, ಅಂದರೆ ಬೈಬಲನ್ನು, ಇಡಿಯಾಗಿ ಓದಬೇಕು. ಹೊಸ ವರ್ಷದ ವಾಗ್ದಾನ ವಚನವನ್ನು ಗೋಡೆಗೆ ತೂಗುಹಾಕುವುದು ಒಳ್ಳೆಯ ರೂಢಿಯೇ. ಆದರೆ ಬಿಡಿ ವಚನಗಳಿಂದ ಲೋಕದೃಷ್ಟಿ ಮೂಡದು. ಸೃಷ್ಟಿ, ಪಾಪ, ಕ್ರಿಸ್ತನ ವಿಮೋಚನೆ, ನೂತನ ಸೃಷ್ಟಿ ಎಂಬ ಕಥನದ ಓಟ ಮನಸ್ಸಿನಲ್ಲಿ ಕೂರಲು ಆದಿಕಾಂಡದ ಮೊದಲ ಅಧ್ಯಾಯಗಳು, ಒಂದು ಸುವಾರ್ತೆ ಮತ್ತು ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಆರಂಭಿಸಬಹುದು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು, ವಿಂಗಡಣೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದಿ ಯುವಕ ದಾನಿಯೇಲನು ಅಲ್ಲಿನ ಕಸ್ದೀಯರ ವಿದ್ಯೆಯನ್ನು ಕಲಿತನು, ಅವರಿಟ್ಟ ಹೆಸರಿನಲ್ಲಿ ಅರಮನೆಯ ಕೆಲಸ ಮಾಡಿದನು, ಆದರೆ ಅರಸನ ಭೋಜನವನ್ನು ಮಾತ್ರ ಒಲ್ಲೆನೆಂದನು. ಸುತ್ತಲಿನದೆಲ್ಲ ಕೆಟ್ಟದ್ದೆಂದು ದೂರ ಸರಿಯುವುದಾಗಲಿ, ಎಲ್ಲರಂತೆ ನಾವೂ ಎಂದು ಸುಮ್ಮನಿರುವುದಾಗಲಿ ಇದಕ್ಕಿಂತ ಸುಲಭ. ಆದಾಯ ತೆರಿಗೆ ಉಳಿಸಲು ಕೊಡದ ಬಾಡಿಗೆಗೆ ರಸೀದಿ ಬರೆಸಿ ಕಚೇರಿಗೆ ಸಲ್ಲಿಸುವ ಪದ್ಧತಿಯನ್ನೇ ನೋಡಿ. ಕಾನೂನು ಕೊಟ್ಟ ವಿನಾಯಿತಿಯನ್ನು ಪಡೆಯುವುದರಲ್ಲಿ ದೋಷವಿಲ್ಲ. ಸುಳ್ಳು ರಸೀದಿಗೆ ಸಹಿ ಹಾಕುವವನು ಮಾತ್ರ ತೆರಿಗೆಯ ಪ್ರಶ್ನೆಗೆ ಕೈಸರನದನ್ನು (ರೋಮಿನ ಚಕ್ರವರ್ತಿಯದನ್ನು) ಕೈಸರನಿಗೆ ಕೊಡಿರಿ ಎಂದ ಯೇಸುವಿನ ಎದುರಿನಲ್ಲೇ ಹಾಕುತ್ತಾನೆ. ಹೀಗೆ ಒಮ್ಮೆಗೆ ಒಂದೇ ವಿಷಯವನ್ನೆತ್ತಿಕೊಂಡು, ಯಾವುದನ್ನು ಸ್ವೀಕರಿಸಬೇಕು, ಯಾವುದನ್ನು ಬಿಡಬೇಕು, ಬಿಟ್ಟರೆ ಆಗುವ ನಷ್ಟವೆಷ್ಟು ಎಂಬುದನ್ನು ಬರೆಯುತ್ತಾ ಹೋಗಬೇಕು.

ಆ ನಷ್ಟವನ್ನು ಒಬ್ಬರೇ ಹೊರಲಾಗದು. ಹತ್ತೊಂಬತ್ತನೆಯ ಶತಮಾನದ ಕರಾವಳಿಯಲ್ಲಿ ಕ್ರೈಸ್ತರಾಗಿ, ಹೆಂಡ ಇಳಿಸುವ ಕಸುಬನ್ನು ತೊರೆದವರಿಗೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಬರಿಯ ಉಪದೇಶ ಹೇಳಿ ಕಳುಹಿಸಲಿಲ್ಲ. ನೇಯ್ಗೆಯ ಕೆಲಸ ಕಲಿಸಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಿಮ್ಮ ನಿರ್ಧಾರಗಳನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಬಲ್ಲ, ತಪ್ಪಿದರೆ ತಿದ್ದಬಲ್ಲ, ಕೆಲಸ ಹೋದರೆ ನೆರವಿಗೆ ನಿಲ್ಲಬಲ್ಲ ಇಬ್ಬರು ಮೂವರು ವಿಶ್ವಾಸಿಗಳನ್ನು ಸಭೆಯಲ್ಲಿ ಹುಡುಕಿಕೊಳ್ಳಿ. ಸಭಾಪಾಲಕರೊಬ್ಬರನ್ನೇ ನೆಚ್ಚಿಕೊಂಡರೆ ಸಾಲದು, ಅವರಿಗೆ ನಿಮ್ಮ ಕಚೇರಿಯ ಒಳಸುಳಿ ತಿಳಿದಿರುವುದಿಲ್ಲ.

ಇತರರೊಡನೆ ಮಾತನಾಡುವ ಪ್ರಸಂಗ ಬಂದಾಗ ಗ್ರೀಕರ ಅಥೇನೆ (ಅಥೆನ್ಸ್) ಪಟ್ಟಣದಲ್ಲಿ ಅಪೊಸ್ತಲ ಪೌಲನು ಅನುಸರಿಸಿದ ಕ್ರಮ ಉಪಯುಕ್ತ. ಅವನು ಊರನ್ನು ಸುತ್ತಿ ನೋಡಿ, ಅವರ ಕವಿಗಳ ಮಾತನ್ನೇ ಎತ್ತಿ ಹೇಳಿ, ಆಮೇಲೆ ಪುನರುತ್ಥಾನದ ವಿಷಯಕ್ಕೆ ಬಂದನು. ಕೆಲವರು ಗೇಲಿ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆಂದರು, ಕೆಲವರು ನಂಬಿದರು. ಸಹೋದ್ಯೋಗಿ ಪ್ರಶ್ನೆ ಕೇಳಿದರೆ, ಅವರು ನಂಬಿರುವುದೇನೆಂದು ಮೊದಲು ಪೂರ್ತಿ ಕೇಳಿಸಿಕೊಂಡು, ನಿಮಗೆ ಉತ್ತರ ಗೊತ್ತಿರುವಷ್ಟಕ್ಕೆ ಮಾತ್ರ ಉತ್ತರಿಸಿ.